ಸಿಗದ ಪುಸ್ತಕಗಳ ನೋಟ್‌ಬುಕ್

“ನಿಮ್ಮಪ್ಪ ಎಸ್ಸೆಸ್ಸೆಲ್ಸಿ ಮಾಡಿದ್ದು ಯಾವ ವರ್ಷಮ್ಮಾ?”

ನಾನು ಕೇಳಿದ್ದು ಒಂದು ಪುಸ್ತಕ. ಅಂಗಡಿಯವರು ತಿರುಗಿ ಕೇಳಿದ್ದು ಇದು.

1998ರ ಮಾತು. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಸಣ್ಣದೊಂದು ಕನ್ನಡ ಪುಸ್ತಕದಂಗಡಿ ಇತ್ತು. ಒಂದು ಪಕ್ಕ ಟೈಲರ್, ಇನ್ನೊಂದು ಪಕ್ಕ ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ಅಂಗಡಿಯ ಕಪಾಟುಗಳು ಸಣ್ಣಗೆ ಅದುರುತ್ತಿದ್ದವು. ಮೇಲಿನ ಸಾಲಿನಿಂದ ಪುಸ್ತಕ ತೆಗೆದರೆ ಬೆರಳಿಗೆ ಹಿಟ್ಟು ಮೆತ್ತಿಕೊಳ್ಳುತ್ತಿತ್ತು. ನಾನು ತಿಪಟೂರಿನಿಂದ ಡಿಗ್ರಿ ಓದೋಕೆ ಬಂದು, ಶೇಷಾದ್ರಿ ರಸ್ತೆ ಹತ್ತಿರದ ಹಾಸ್ಟೆಲ್ ಸೇರಿ ಒಂದು ವರ್ಷವಾಗಿತ್ತು. ಅಪ್ಪ ಊರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ರಜೆಗೆ ಹೋದಾಗ ಒಂದು ರಾತ್ರಿ ಊಟ ಮಾಡುತ್ತಾ ಹೇಳಿದ್ದರು: “ಸ್ಕೂಲಲ್ಲಿದ್ದಾಗ ಒಂದು ಪುಸ್ತಕ ಓದಿದ್ದೆ. ಒಬ್ಬ ಹುಡುಗ ಮನೆ ಬಿಟ್ಟು ಓಡಿಹೋಗ್ತಾನೆ. ರೈಲಲ್ಲಿ ಒಬ್ಬ ಮುದುಕ ಸಿಕ್ತಾನೆ. ಇಬ್ಬರೂ ಬುತ್ತಿ ಹಂಚಿಕೊಂಡು ತಿಂತಾರೆ. ಹೆಸರು ಜ್ಞಾಪಕ ಇಲ್ಲ. ಬೆಂಗಳೂರಲ್ಲಿ ಸಿಗಬಹುದು, ನೋಡು.” ಅಪ್ಪ ಅದುವರೆಗೆ ನನ್ನನ್ನು ಏನನ್ನೂ ತಂದುಕೊಡು ಅಂತ ಕೇಳಿದವರಲ್ಲ.

ಪುಸ್ತಕದ ಹೆಸರಿಲ್ಲ. ಬರೆದವರು ಯಾರೋ ಗೊತ್ತಿಲ್ಲ. ಒಂದು ರೈಲು, ಒಂದು ಬುತ್ತಿಗಂಟು, ಅಷ್ಟೇ. ಇದನ್ನು ಇಟ್ಟುಕೊಂಡು ಹೇಗೆ ಕೇಳೋದು ಅಂತ ತುಂಬ ಹೊತ್ತು ಕಪಾಟಿನ ಮುಂದೆ ನಿಂತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಪ್ಪನ ಎಸ್ಸೆಸ್ಸೆಲ್ಸಿ ವರ್ಷ ಕೇಳಿದರು. 1968 ಅಂದೆ.

“ಹಾಗಾದ್ರೆ ನಾನ್‌ಡೀಟೇಲ್ ಇರಬೇಕು. ಶಾಲೆಗೆ ಅಂತಲೇ ಅಚ್ಚು ಹಾಕಿದ್ದು. ಅಂಗಡೀಲಿ ಹುಡುಕಿದ್ರೆ ಸಿಗಲ್ಲ. ಹಳೇ ಮೇಷ್ಟ್ರುಗಳ ಮನೇಲಿ ಹುಡುಕಬೇಕು.”

ಮೇಜಿನ ಡ್ರಾ ಎಳೆದು ಒಂದು ಉದ್ದನೆಯ ನೋಟ್‌ಬುಕ್ ತೆಗೆದರು. ಮಂಡಿಯಲ್ಲಿ ಅಪ್ಪ ಬರೆಯುತ್ತಿದ್ದರಲ್ಲ, ಅಂಥದ್ದೇ ಕೆಂಪು ಬಟ್ಟೆಯ ಬೆನ್ನಿನ ಲೆಕ್ಕದ ಪುಸ್ತಕ. ಅದರಲ್ಲಿ ತಾರೀಖು ಹಾಕಿ ಬರೆದರು: “ಹುಡುಗ, ರೈಲು, ಮುದುಕ, ಬುತ್ತಿ. 68ರ ಸುಮಾರಿನ ನಾನ್‌ಡೀಟೇಲ್. ತಿಪಟೂರಿನ ಹುಡುಗಿ, ತಂದೆಗೆ.” ಕೆಳಗೆ ನನ್ನ ಹಾಸ್ಟೆಲ್ ವಿಳಾಸ.

ನಾಲ್ಕು ತಿಂಗಳಾದ ಮೇಲೆ ಹಾಸ್ಟೆಲ್ಲಿಗೆ ಒಂದು ಕಾರ್ಡು ಬಂತು. “ನಿಮ್ಮ ತಂದೆಯವರ ಪುಸ್ತಕ ಬಂದಿದೆ.” ಓಡಿದೆ. ರಟ್ಟು ಹೋಗಿ ದಾರದಲ್ಲಿ ಹೊಲಿದಿದ್ದ, ಯಾವುದೋ ಹೈಸ್ಕೂಲಿನ ಸೀಲು ಬಿದ್ದಿದ್ದ ಪುಟ್ಟ ಪುಸ್ತಕ. ಹತ್ತು ರೂಪಾಯಿ ತೆಗೆದುಕೊಂಡರು. ಅಪ್ಪ ಅದನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದರು. ಬೆಳಿಗ್ಗೆ ಅಮ್ಮನಿಗೆ ರೈಲಿನ ಕಥೆ ಪೂರ್ತಿ ಹೇಳಿದರು. ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ದೊಡ್ಡ ಊರುಗಳಲ್ಲಿ ಪುಸ್ತಕದಂಗಡಿ ಮುಚ್ಚಿದಾಗಲೆಲ್ಲ ನಾವು ಹೊಸ ಕಾಗದದ ವಾಸನೆ, ಪುಟ ತಿರುವುವ ಸುಖ ಅಂತ ಬರೆಯುತ್ತೇವೆ. ಅದು ಸುಳ್ಳೇನಲ್ಲ. ಆದರೆ ಆ ವಾಸನೆ ಮನೆಗೆ ಪಾರ್ಸೆಲ್ ಬಂದ ಪುಸ್ತಕದಲ್ಲೂ ಇರುತ್ತದೆ. ನನಗೆ ದೊಡ್ಡ ನಷ್ಟ ಅನ್ನಿಸುವುದು ಬೇರೆ. ಅರ್ಧಂಬರ್ಧ ಗೊತ್ತಿದ್ದರೂ ಹೋಗಿ ಕೇಳಬಹುದಾದ ಜಾಗ ಹೋಯಿತು. ಏನು ಬೇಕು ಅಂತ ಸರಿಯಾಗಿ ಹೇಳೋಕೆ ಬಾರದವರಿಗೂ ಅಲ್ಲಿ ಪುಸ್ತಕ ಸಿಗುತ್ತಿತ್ತು.

ಮಲ್ಲೇಶ್ವರದ ಆ ಅಂಗಡಿಯಿಂದ ಧೈರ್ಯ ಬಂದ ಮೇಲೆ ನಾನು ಎಂ.ಜಿ. ರೋಡ್ ಕಡೆ ಹೋಗತೊಡಗಿದೆ. ಇಂಗ್ಲಿಷ್ ಪುಸ್ತಕಗಳೆಂದರೆ ಭಯ ಇತ್ತು. ಹೈಸ್ಕೂಲಿನವರೆಗೆ ಕನ್ನಡ ಮೀಡಿಯಂ. ಹಾಸ್ಟೆಲ್ಲಿನ ಗೆಳತಿಯೊಬ್ಬಳು ಚರ್ಚ್ ಸ್ಟ್ರೀಟ್ ಮತ್ತು ಮ್ಯೂಸಿಯಂ ರೋಡ್ ಕೂಡುವ ಮೂಲೆಯ ಪ್ರೀಮಿಯರ್ ಬುಕ್‌ಶಾಪಿಗೆ ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಕಣ್ಣಿಗೆ ಕಾಣುವುದು ಬರೀ ಪುಸ್ತಕದ ಗೋಡೆ. ಸುತ್ತಲೂ ಸೂರು ಮುಟ್ಟುವಷ್ಟು, ನಡುವೆ ಮತ್ತೊಂದು ರಾಶಿ. ರಾಶಿಯ ಸುತ್ತ ಒಬ್ಬರು ನಡೆಯುವಷ್ಟು ಓಣಿ. ಎದುರಿನಿಂದ ಇನ್ನೊಬ್ಬರು ಬಂದರೆ ಇಬ್ಬರೂ ಮೈ ಅಡ್ಡ ಮಾಡಿಕೊಂಡು ದಾಟಬೇಕು. ಕೆಳಗಿನ ಪುಸ್ತಕ ಎಳೆಯುವ ಮುಂಚೆ ಮೇಲಿನದನ್ನು ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಬಾಗಿಲ ಹತ್ತಿರ ಟಿ.ಎಸ್. ಶಾನಭಾಗರು ಕೂತಿರುತ್ತಿದ್ದರು. 1971ರಲ್ಲಿ ಆ ಅಂಗಡಿ ಶುರು ಮಾಡಿದವರು. ಕಂಪ್ಯೂಟರ್ ಇಲ್ಲ, ಪಟ್ಟಿ ಇಲ್ಲ. ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯದು ಅಂತ ಅವರಿಗೆ ಗೊತ್ತಿತ್ತು. ಕೇಳದೇ ಡಿಸ್ಕೌಂಟ್ ಕೊಡುತ್ತಿದ್ದರು. ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ. ರಾಮಚಂದ್ರ ಗುಹಾ ಅವರಂಥ ದೊಡ್ಡ ಬರಹಗಾರರಿಂದ ಹಿಡಿದು ನನ್ನಂಥ ಹಾಸ್ಟೆಲ್ ಹುಡುಗಿಯರವರೆಗೆ ಅಲ್ಲಿಗೆ ಹೋಗುತ್ತಿದ್ದ ಎಲ್ಲರೂ ಹೇಳುವ ಮಾತು ಇದು.

ನಾನು ಅಲ್ಲಿ ಮೊದಲ ಸಲ ಏನೂ ಕೊಳ್ಳಲಿಲ್ಲ. ಎರಡನೇ ಸಲವೂ ಇಲ್ಲ. ಯಾರೂ ಏನೂ ಅನ್ನಲಿಲ್ಲ.

ಇದನ್ನು ಸ್ವಲ್ಪ ನಿಂತು ಹೇಳಬೇಕು. ಆಗ ನನ್ನ ಕೈಯಲ್ಲಿ ತಿಂಗಳ ಕೊನೆಗೆ ಬಸ್ಸಿನ ದುಡ್ಡು ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಕಾಸಿಲ್ಲದೆ ಈ ಊರಲ್ಲಿ ಎರಡು ಗಂಟೆ ಒಬ್ಬಳೇ ಎಲ್ಲಿ ನಿಲ್ಲಬಹುದಿತ್ತು? ಹೋಟೆಲಿನಲ್ಲಿ ಕಾಫಿ ಮುಗಿದ ಮೇಲೆ ಕೂರುವ ಹಾಗಿಲ್ಲ. ಪಾರ್ಕಿನಲ್ಲಿ ಒಬ್ಬಳೇ ಕೂತರೆ ಹತ್ತು ಕಣ್ಣು. ಬಸ್‌ಸ್ಟಾಪಿನಲ್ಲಿ ಎರಡು ಬಸ್ ಬಿಟ್ಟರೆ ಯಾರೋ ಬಂದು ಮಾತಾಡಿಸುತ್ತಾರೆ. ದೇವಸ್ಥಾನ ಇತ್ತು, ಲೈಬ್ರರಿ ಇತ್ತು, ಪುಸ್ತಕದಂಗಡಿ ಇತ್ತು. ಅಲ್ಲಿ ಕೈಯಲ್ಲೊಂದು ಪುಸ್ತಕ ಹಿಡಿದು ನಿಂತರೆ ಸಾಕು. ನೀವು ಯಾರು, ಯಾಕೆ ಬಂದಿರಿ, ಯಾರ ಮಗಳು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ನನಗೆ ಇಂಗ್ಲಿಷ್ ಓದು ಬಂದದ್ದು ಆ ಓಣಿಯಲ್ಲಿ, ನಿಂತುಕೊಂಡೇ. ಒಂದು ವಾರ ಒಂದು ಅಧ್ಯಾಯ, ಮುಂದಿನ ವಾರ ಇನ್ನೊಂದು. ಕೊನೆಗೆ ಆ ಪುಸ್ತಕ ಕೊಂಡೆ. ಮುಗಿದುಹೋಗಿದ್ದ ಪುಸ್ತಕವನ್ನೇ ಕೊಂಡೆ, ಋಣ ಅನ್ನಿಸಿ.

ಶಾನಭಾಗರು ಪುಸ್ತಕದ ಕೆಲಸ ಕಲಿತದ್ದು ಮುಂಬೈಯ ಸ್ಟ್ರಾಂಡ್ ಬುಕ್ ಸ್ಟಾಲಿನಲ್ಲಿ, ತಮ್ಮ ಹತ್ತಿರದ ಸಂಬಂಧಿ ಟಿ.ಎನ್. ಶಾನಭಾಗರ ಜೊತೆ. ಆ ಹಿರಿಯರ ಕಥೆ ಪುಸ್ತಕಪ್ರಿಯರಲ್ಲಿ ತುಂಬ ಜನಕ್ಕೆ ಗೊತ್ತಿದೆ. ಓದುವ ವಯಸ್ಸಿನಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಒಂದು ಪುಸ್ತಕದಂಗಡಿಯಲ್ಲಿ ಪುಟ ತಿರುವುತ್ತಾ ನಿಂತಿದ್ದಾಗ ಅಲ್ಲಿಯವರು ಹಾಗೆಲ್ಲ ಮುಟ್ಟಬಾರದು ಅಂದರಂತೆ. ಯಾರು ಬೇಕಾದರೂ ಬಂದು, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದಾದ ಅಂಗಡಿ ತೆರೆಯಬೇಕು ಅಂತ ಅವರಿಗೆ ಆಗ ಅನ್ನಿಸಿತು. 1948ರಲ್ಲಿ ಸ್ಟ್ರಾಂಡ್ ಸಿನಿಮಾ ಥಿಯೇಟರಿನಲ್ಲಿ ಒಂದು ಚಿಕ್ಕ ಮಳಿಗೆ ಇಟ್ಟರು. ಆಮೇಲೆ ಅದು ಮುಂಬೈಯ ಫೋರ್ಟ್ ಪ್ರದೇಶಕ್ಕೆ ಬಂತು. 2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಸ್ತಕ ಬರೆದದ್ದಕ್ಕಲ್ಲ, ಮಾರಿದ್ದಕ್ಕೆ. ಅವಮಾನ ಆದ ಒಬ್ಬ ಹುಡುಗ ಅರವತ್ತು ವರ್ಷ ಬೇರೆ ಹುಡುಗರಿಗೆ ಹಾಗಾಗದ ಹಾಗೆ ಒಂದು ಬಾಗಿಲು ತೆರೆದಿಟ್ಟ ಅಂತ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಪ್ರೀಮಿಯರಿನ ಓಣಿಯಲ್ಲಿ ನನ್ನನ್ನು ಯಾರೂ ಯಾಕೆ ಹೊರಗೆ ಕಳಿಸಲಿಲ್ಲ ಅನ್ನೋದಕ್ಕೆ ಮೂಲ ಮುಂಬೈಯ ಆ ದಿನದಲ್ಲಿದೆ.

ಪ್ರೀಮಿಯರ್ 2009ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಟಿ.ಎನ್. ಶಾನಭಾಗರು ತೀರಿಕೊಂಡರು. ಫೋರ್ಟಿನ ಸ್ಟ್ರಾಂಡ್ 2018ರ ಫೆಬ್ರವರಿಯಲ್ಲಿ ಮುಚ್ಚಿತು. ಬೆಂಗಳೂರಿನ ಮಣಿಪಾಲ್ ಸೆಂಟರಿನಲ್ಲಿದ್ದ ಅದರ ಶಾಖೆಯೂ ಈಗಿಲ್ಲ. ಟಿ.ಎಸ್. ಶಾನಭಾಗರನ್ನು 2021ರ ಮೇ ತಿಂಗಳಲ್ಲಿ ಕೋವಿಡ್ ತೆಗೆದುಕೊಂಡು ಹೋಯಿತು. ಯಾರೂ ಮನೆಯಿಂದ ಹೊರಗೆ ಬರೋಕಾಗದ ದಿನಗಳು. ಇಲ್ಲದಿದ್ದರೆ ಅವರ ಅಂಗಡಿಯಲ್ಲಿ ನಿಂತು ಓದಿದವರೆಲ್ಲ ಸೇರಿದ್ದರೆ ಮ್ಯೂಸಿಯಂ ರೋಡ್ ತುಂಬಿರುತ್ತಿತ್ತು.

ಮಾಲ್‌ಗಳಲ್ಲಿ ಬಂದ ದೊಡ್ಡ ಅಂಗಡಿಗಳೂ ಉಳಿಯಲಿಲ್ಲ. ಕೋರಮಂಗಲದ ಫೋರಂ ಮಾಲಿನ ಲ್ಯಾಂಡ್‌ಮಾರ್ಕ್ ಜ್ಞಾಪಕ ಇದೆಯಾ? ಮೊದಮೊದಲು ಪುಸ್ತಕವೇ ಜಾಸ್ತಿ. ಬರಬರುತ್ತಾ ಆಟದ ಸಾಮಾನು, ಬ್ಯಾಗು, ಗಿಫ್ಟು ಮುಂದೆ ಬಂದವು, ಪುಸ್ತಕ ಹಿಂದೆ ಸರಿಯಿತು. ಆಮೇಲೆ ಅಂಗಡಿಯೇ ಹೋಯಿತು. ಅದರ ಬಗ್ಗೆ ನನಗೆ ಅಂಥ ದುಃಖವಾಗಲಿಲ್ಲ. ಅಲ್ಲಿ ಏನಾದರೂ ಕೇಳಿದರೆ ಹುಡುಗರು ಪಾಪ ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಫ್ಲಿಪ್‌ಕಾರ್ಟ್ ಹುಟ್ಟಿದ್ದೂ ಇದೇ ಬೆಂಗಳೂರಿನಲ್ಲಿ, 2007ರಲ್ಲಿ, ಪುಸ್ತಕ ಮಾರಿಕೊಂಡೇ. ಅದನ್ನು ಶುರು ಮಾಡಿದ ಇಬ್ಬರು ಹುಡುಗರು ಗಂಗಾರಾಮ್ಸ್ ಪುಸ್ತಕದಂಗಡಿಯ ಮುಂದೆ ನಿಂತು, ಹೊರಗೆ ಬರುವವರ ಕೈಗೆ ತಮ್ಮ ಕಂಪನಿಯ ಹೆಸರಿದ್ದ ಬುಕ್‌ಮಾರ್ಕ್ ಕೊಡುತ್ತಿದ್ದರು. ಓದುವವರು ಎಲ್ಲಿ ಸಿಗುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಎಷ್ಟೋ ವರ್ಷ ಸೇರಿ ಆ ಅಂಗಡಿ ಕಟ್ಟಿದ ಓದುಗರೇ ಹೊಸ ವ್ಯಾಪಾರದ ಮೊದಲ ಗಿರಾಕಿಗಳು. ಅವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಮೊದಲ ಪುಸ್ತಕ ಹೋದದ್ದು ಮಹಬೂಬ್‌ನಗರಕ್ಕೆ, ಆಗ ನಮ್ಮ ರಾಯಚೂರಿನ ಪಕ್ಕದಲ್ಲಿದ್ದ ಜಿಲ್ಲೆಗೆ. ಅಲ್ಲಿಯ ಓದುಗ ಪುಸ್ತಕಕ್ಕಾಗಿ ಇನ್ನು ಹೈದರಾಬಾದಿಗೆ ಬಸ್ ಹತ್ತಬೇಕಾಗಿಲ್ಲ. ತಿಪಟೂರಿನಲ್ಲಿ ಕೂತ ನನ್ನ ತಂಗಿಯ ಮಗ ಬೇಕಾದ ಪುಸ್ತಕ ಮೂರು ದಿನದಲ್ಲಿ ತರಿಸಿಕೊಳ್ಳುತ್ತಾನೆ. ಇದು ಸಣ್ಣ ವಿಷಯ ಅಲ್ಲ. ನಮಗೆ ಆ ವಯಸ್ಸಿನಲ್ಲಿ ಇದ್ದಿದ್ದರೆ ಅಂತ ನಾನೂ ಅಂದುಕೊಂಡಿದ್ದೇನೆ.

ಆದರೆ ಅವನಿಗೆ ಹೆಸರು ಗೊತ್ತಿರಬೇಕು.

ಕಳೆದ ವರ್ಷ ಒಂದು ಹಳೆಯ ಕನ್ನಡ ಕಾದಂಬರಿ ಬೇಕಾಗಿ ಒಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದೆ. ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಕಬೇಕು. ದೀರ್ಘಕ್ಕೆ ಎರಡು ‘ಎ’ ಹಾಕಿದ್ದಾರೋ ಒಂದೋ? ‘ಶ’ಗೆ ‘ಎಚ್’ ಇದೆಯೋ ಇಲ್ಲವೋ? ‘ಳ’ಕ್ಕೂ ‘ಲ’ಕ್ಕೂ ಒಂದೇ ‘ಎಲ್’. ಐದು ಬಗೆಯಲ್ಲಿ ಬರೆದು ನೋಡಿದೆ. ಐದನೆಯದಕ್ಕೆ ಒಂದು ಸಿಕ್ಕಿತು. ರಟ್ಟಿನ ಚಿತ್ರ ಇರಲಿಲ್ಲ, ಆದರೂ ಆರ್ಡರ್ ಮಾಡಿದೆ. ಬಂದದ್ದು ಅದೇ ಹೆಸರಿನ ಒಂದು ವ್ರತಕಥೆಯ ಪುಸ್ತಕ. ಮಲ್ಲೇಶ್ವರದ ಅಂಗಡಿಯವರಾಗಿದ್ದರೆ ನಾನು ಅರ್ಧ ಹೆಸರು ಹೇಳುವಷ್ಟರಲ್ಲಿ ಎದ್ದು ಕಪಾಟಿನ ಹತ್ತಿರ ಹೋಗಿರುತ್ತಿದ್ದರು.

ಕನ್ನಡಕ್ಕೆ ಈ ನಷ್ಟ ಜಾಸ್ತಿ. ನಮ್ಮಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ. ಈಗೀಗ ಅದಕ್ಕಿಂತ ಕಡಿಮೆಯೂ ಉಂಟು. ಮುನ್ನೂರು ಪ್ರತಿ ಗ್ರಂಥಾಲಯ ಇಲಾಖೆ ತೆಗೆದುಕೊಂಡರೆ ಪ್ರಕಾಶಕರು ಉಸಿರು ಬಿಡುತ್ತಾರೆ. ಉಳಿದದ್ದು ಅಂಗಡಿಗಳಲ್ಲಿ ಹತ್ತು ವರ್ಷ, ಹದಿನೈದು ವರ್ಷ ನಿಂತು ಒಂದೊಂದಾಗಿ ಮಾರಾಟವಾಗಬೇಕು. ಮರುಮುದ್ರಣ ಆಗದ ಪುಸ್ತಕ ಬದುಕಿರುವುದು ಆ ಕಪಾಟುಗಳಲ್ಲೇ. ಮಲ್ಲೇಶ್ವರದ ಅಂಗಡಿಯಲ್ಲಿ ನಾನು 2005ರಲ್ಲೂ ಹದಿನೆಂಟು ರೂಪಾಯಿಗೆ ಕಥಾಸಂಕಲನ ಕೊಂಡಿದ್ದೇನೆ. ಅಚ್ಚಾದಾಗಿನ ಬೆಲೆ, ಅದರ ಮೇಲೆ ಸ್ಟಿಕ್ಕರ್ ಇಲ್ಲ. “ಅಚ್ಚಾಗಿರೋ ಬೆಲೆ ಅಷ್ಟೇ ತಾನೇ?” ಅನ್ನುತ್ತಿದ್ದರು. ಅಂಗಡಿ ಮುಚ್ಚಿದ ದಿನ ಇಂಥ ಪುಸ್ತಕಗಳಿಗೆ ಏನಾಗುತ್ತದೆ? ತೂಕಕ್ಕೆ ಹೋಗುತ್ತವೆ.

ಅವರ ಅಂಗಡಿ ಮುಚ್ಚಿದ್ದು 2016ರಲ್ಲಿ. ಓದುವವರು ಕಡಿಮೆಯಾದರು ಅಂತಲ್ಲ. ಅವರೇ ಒಂದು ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದ್ದರು. ಇನ್ನೂರು ರೂಪಾಯಿಯ ಪುಸ್ತಕ. ಪ್ರಕಾಶಕರು ಕೊಡುವ ಕಮಿಷನ್ ನೂರಕ್ಕೆ ಮೂವತ್ತೈದು ಅಂತಿಟ್ಟುಕೊಂಡರೆ ಎಪ್ಪತ್ತು ರೂಪಾಯಿ. ಗಿರಾಕಿಗೆ ನೂರಕ್ಕೆ ಹತ್ತು ಬಿಟ್ಟರೆ ಉಳಿಯುವುದು ಐವತ್ತು. ಕಟ್ಟಡದವರು ಹೊಸ ಬಾಡಿಗೆ ಅರವತ್ತು ಸಾವಿರ ಅಂದಿದ್ದರು. ಬರೀ ಬಾಡಿಗೆಗೇ ತಿಂಗಳಿಗೆ ಸಾವಿರದ ಇನ್ನೂರು ಪುಸ್ತಕ ಮಾರಬೇಕು, ದಿನಕ್ಕೆ ನಲವತ್ತು, ಒಂದು ದಿನವೂ ರಜೆಯಿಲ್ಲದೆ. ಆಮೇಲೆ ಕರೆಂಟು, ಸಹಾಯಕ್ಕಿದ್ದ ಹುಡುಗನ ಸಂಬಳ, ಅವರ ಮನೆ. “ದಿನಕ್ಕೆ ಹದಿನೈದು ಹೋದರೆ ಅದು ಒಳ್ಳೇ ದಿನಮ್ಮಾ” ಅಂದಿದ್ದರು. ಹದಿನೈದು ಪುಸ್ತಕ ದಿನಾ ಮಾರುವ ಅಂಗಡಿ ಉಳಿಯಬೇಕಿತ್ತು. ಒಂದು ಬಡಾವಣೆಯಲ್ಲಿ ದಿನಕ್ಕೆ ಹದಿನೈದು ಜನ ಪುಸ್ತಕ ಕೊಳ್ಳುವುದು ಒಳ್ಳೆಯ ಸಂಗತಿ. ಆ ಜಾಗದ ಬೆಲೆ ಅದಕ್ಕೆ ಬಿಡಲಿಲ್ಲ.

ಚರ್ಚ್ ಸ್ಟ್ರೀಟಿಗೆ ಹೋದರೆ ಈಗಲೂ ಮನಸ್ಸು ತುಂಬುತ್ತದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎಂ.ಜಿ. ರೋಡಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಿದ್ದ ಮಾಯಿ ಗೌಡರು 2002ರಲ್ಲಿ ತೆರೆದ ಬ್ಲಾಸಮ್ ಇದೆ, ಬುಕ್‌ವರ್ಮ್ ಇದೆ, ಗಂಗಾರಾಮ್ಸ್ ಕೂಡ ಎಂ.ಜಿ. ರೋಡ್ ಬಿಟ್ಟು ಅದೇ ಬೀದಿಗೆ ಬಂತು. ಗಾಂಧಿ ಬಜಾರಿನಲ್ಲಿ ಅಂಕಿತ ಇದೆ. 1967ರಲ್ಲಿ ಶುರುವಾದ ಸಪ್ನಾ ಎಷ್ಟೋ ಕಡೆ ಬೆಳೆದಿದೆ. ಶನಿವಾರ ಸಂಜೆ ಬ್ಲಾಸಮಿನಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆ ಹುಡುಗ ಹುಡುಗಿಯರನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದೇ ಬೀದಿಯಲ್ಲಿ ಐದು ಅಂಗಡಿ ಇರುವುದು ಬೇರೆ, ಐದು ಬಡಾವಣೆಯಲ್ಲಿ ಒಂದೊಂದು ಇರುವುದು ಬೇರೆ. ಚರ್ಚ್ ಸ್ಟ್ರೀಟಿಗೆ ಹೋಗುವವರು ಪುಸ್ತಕಕ್ಕೆ ಅಂತಲೇ ಹೊರಟವರು. ಹಿಟ್ಟು ಬೀಸಿಸೋಕೆ ಬಂದು, ಗಿರಣಿಯಲ್ಲಿ ಸರದಿ ಬರುವವರೆಗೆ ಪಕ್ಕದ ಅಂಗಡಿಯಲ್ಲಿ ನಿಂತು, ಹೋಗುವಾಗ ಹಿಟ್ಟಿನ ಡಬ್ಬದ ಮೇಲೆ ಒಂದು ಕಾದಂಬರಿ ಇಟ್ಟುಕೊಂಡು ಹೋಗುತ್ತಿದ್ದ ಹೆಂಗಸರನ್ನು ನಾನು ನೋಡಿದ್ದೇನೆ. ಅವರು ಮೆಟ್ರೋ ಹತ್ತಿ ಚರ್ಚ್ ಸ್ಟ್ರೀಟಿಗೆ ಹೋಗುವುದಿಲ್ಲ. ಮೊದಲೇ ಓದುಗರಾಗಿದ್ದವರಿಗೆ ಪುಸ್ತಕ ಹೇಗೋ ಸಿಗುತ್ತದೆ. ಇನ್ನೂ ಓದುಗರಾಗದವರು, ಆಗಬಹುದಾಗಿದ್ದವರು, ಅವರನ್ನು ನಾವು ಕಳೆದುಕೊಂಡೆವು. ಅವರೆಷ್ಟು ಜನ ಅಂತ ಲೆಕ್ಕ ಇಡೋಕೂ ಬರುವುದಿಲ್ಲ.

ಹೋದ ತಿಂಗಳು ಮಲ್ಲೇಶ್ವರದ ಅಂಗಡಿಯವರ ಮನೆಗೆ ಹೋಗಿದ್ದೆ. ಈಗ ಮಗನ ಜೊತೆ ಯಲಹಂಕದಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ, ಒಂದು ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಪ್ಪ ಹೋದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುತ್ತಿ ಪುಸ್ತಕ” ಅಂದರು. ಅವರ ಹೆಂಡತಿ ಕಾಫಿ ತಂದರು. ಮಾತಿನ ನಡುವೆ ಆ ನೋಟ್‌ಬುಕ್ ಏನಾಯಿತು ಸರ್ ಅಂತ ಕೇಳಿದೆ. ಎದ್ದು ಒಳಗೆ ಹೋಗಿ ದೇವರ ಮನೆಯ ಕಪಾಟಿನಿಂದ ತಂದರು.

ಮೂರು ನೋಟ್‌ಬುಕ್ ಇದ್ದವು. 1981ರಿಂದ 2016ರವರೆಗೆ. ಸಿಕ್ಕ ಪುಸ್ತಕದ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸಿಕ್ಕ ತಾರೀಖು. ನನ್ನದರ ಮೇಲೆ ಗೆರೆ ಇತ್ತು. ಗೆರೆ ಇಲ್ಲದವು ಕೊನೆಯ ನೋಟ್‌ಬುಕ್ಕಿನಲ್ಲಿ ನಲವತ್ತರ ಹತ್ತಿರ ಇದ್ದವು. ಓದಿದೆ. “ಹಸಿರು ರಟ್ಟು, ಮಲೆನಾಡಿನ ಅಡುಗೆ, ಬರೆದದ್ದು ಹೆಂಗಸರು. ಅತ್ತೆ ಕೈಲಿತ್ತಂತೆ. ಯಶವಂತಪುರ.” “ತಾಯಿ ತೀರಿಕೊಂಡ ಮಕ್ಕಳಿಗೆ ಓದಿ ಹೇಳುವಂಥದ್ದು ಏನಾದರೂ. ಮೇಷ್ಟ್ರು.” “ನಕ್ಷತ್ರಗಳು, ಕನ್ನಡದಲ್ಲಿ, ಚಿತ್ರ ಇರಬೇಕು. ಆಟೋ ಡ್ರೈವರ್, ಮಗಳಿಗೆ.” ಅದರ ಕೆಳಗೆ ಬೇರೆ ಇಂಕಿನಲ್ಲಿ, “ಎರಡು ತೋರಿಸಿದೆ. ಅಲ್ಲವಂತೆ.” “ಬಾವಿ ತೋಡುವ ಮುಂಚೆ ನೀರು ನೋಡುವ ಬಗೆ. ಬಿ.ಎಸ್ಸಿ. ಹುಡುಗಿ, ಅಪ್ಪನಿಗೆ.”

“ಈ ಫೋನ್ ನಂಬರುಗಳೆಲ್ಲ ಈಗ ಇರ್ತಾವೋ ಇಲ್ವೋ” ಅಂದರು. “ಆದ್ರೂ ಪುಸ್ತಕ ಸಿಕ್ರೆ ಒಂದ್ಸಲ ಮಾಡಿ ನೋಡಬಹುದು. ನನಗೆ ಈಗ ಓಡಾಡೋಕೆ ಆಗಲ್ಲ. ಭಾನುವಾರ ಅವೆನ್ಯೂ ರೋಡಲ್ಲಿ ಫುಟ್‌ಪಾತ್ ಮೇಲೆ ಹಾಕ್ತಾರಲ್ಲ, ನೀನು ಆ ಕಡೆ ಹೋಗ್ತೀಯೇನಮ್ಮಾ?”

ಹೋಗ್ತೀನಿ ಸರ್ ಅಂದೆ. ಗೆರೆ ಬೀಳದ ನಾಲ್ಕು ಪುಟಗಳ ಫೋಟೋ ತೆಗೆದುಕೊಂಡು ಬಂದಿದ್ದೇನೆ. ಎರಡು ಭಾನುವಾರ ಆಯಿತು. ಹಸಿರು ರಟ್ಟಿನ ಒಂದು ಅಡುಗೆ ಪುಸ್ತಕ ಸಿಕ್ಕಿದೆ, ಬರೆದವರ ಹೆಸರಿರುವ ಪುಟ ಹರಿದುಹೋಗಿದೆ. ಅದೇ ಹೌದೋ ಅಲ್ಲವೋ ಅಂತ ಯಶವಂತಪುರದ ನಂಬರಿಗೆ ನಾಳೆ ಫೋನ್ ಮಾಡಬೇಕು.